ತೆರಿಗೆ ವಾಪಸ್ ಕೊಡುವ ಸರ್ಕಾರ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯವರನ್ನು ಹೊರದೇಶದ ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಊರು ತೋರಿಸುವುದು ಕಷ್ಟವಲ್ಲ. ತಿರುಗಿ ಬರುವಾಗ ಆ ದೇಶದ ವಿಮಾನ ನಿಲ್ದಾಣದಲ್ಲಿ, ನೀವು ಕೊಂಡ ಸಾಮಾನಿನ ತೆರಿಗೆಯನ್ನು ಇಲ್ಲಿನ ಸರ್ಕಾರ ವಾಪಸ್ ಕೊಡುತ್ತದೆ ಎಂದು ನಂಬಿಸುವುದು ಕಷ್ಟ. ಕೊಡುತ್ತೇನೆ ಅನ್ನುವ ಸರ್ಕಾರ ಕಂಡರೆ ನಮ್ಮವರಿಗೆ ಮೊದಲು ಸಂಶಯ. ಹೀಗಾಗಿ ಪ್ರತಿ ಸಲವೂ ಒಂದಿಲ್ಲೊಂದು ನಡೆಯುತ್ತದೆ.

ಸಹಿ

ಬೆಟಗೇರಿಯ ಅರಿವೆ ವ್ಯಾಪಾರಿಯೊಬ್ಬರು ಮಗಳಿಗೆಂದು ದುಬಾರಿ ಕೈಗಡಿಯಾರ ಕೊಂಡಿದ್ದರು. ಅರ್ಜಿ ತುಂಬಿ ಸಹಿಗೆ ಕೊಟ್ಟೆ. ಅವರು ಪೆನ್ನು ಮುಚ್ಚಿ ಕಿಸೆಗೆ ಹಾಕಿಕೊಂಡರು. ಮೂವತ್ತು ವರ್ಷ ಅಂಗಡಿ ನಡೆಸಿದವರು, ಕಟ್ಟಿದ ತೆರಿಗೆ ತಾನಾಗಿ ತಿರುಗಿ ಬಂದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಈ ಕಾಗದ ಗದಗಿನ ತೆರಿಗೆ ಆಫೀಸಿಗೂ ಹೋಗುತ್ತದೆಯೇ ಎಂದು ಮೂರು ಸಲ ಕೇಳಿದರು. ಇಲ್ಲವೆಂದು ಮೂರು ಸಲ ಹೇಳಿದೆ. ಆಮೇಲೆ ನನ್ನನ್ನು ಕಂಬದ ಮರೆಗೆ ಕರೆದು, ಬಹಳ ಪ್ರೀತಿಯಿಂದ ಹೇಳಿದರು: “ನಿಮ್ಮ ಹೆಸರೀಲೆ ಬರೀರಿ. ರೊಕ್ಕ ಬಂದ್ರ ನನಗ ಕೊಡ್ರಿ, ನೋಟಿಸ್ ಬಂದ್ರ ನೀವ ಇಟ್ಕೋರಿ.”

ಫೀ

ಶಿರಹಟ್ಟಿಯ ನಿವೃತ್ತ ಮಾಸ್ತರರು ಅರ್ಜಿಯ ಹಿಂಬದಿಯ ಸಣ್ಣ ಅಕ್ಷರವನ್ನೂ ಬಿಡದೆ ಓದಿದರು. ಹಿಂದೆ ನಿಂತವರ ಪಾಳಿ ಬೆಳೆಯುತ್ತಿತ್ತು. ವಾಪಸ್ ಕೊಡುವುದಕ್ಕೂ ಸ್ವಲ್ಪ ಫೀ ಹಿಡಿಯುತ್ತಾರೆ ಎಂಬ ಸಾಲು ಸಿಕ್ಕಿದ್ದೇ ಅಲ್ಲಿ ಬೆರಳಿಟ್ಟರು.

“ಈ ಫೀ ಮ್ಯಾಲೂ ತೆರಿಗಿ ಐತೇನ್ರಿ?”

ಇದ್ದರೂ ಇದ್ದೀತು ಎಂದೆ.

“ಹಂಗಾರ ಅದನ್ನ ವಾಪಸ್ ಕೊಡೋ ಪಾಳಿ ಎಲ್ಲೈತಿ ತೋರಸ್ರಿ. ಮೊದಲ ಅಲ್ಲೇ ನಿಂದರತೇನಿ.”

ರೊಟ್ಟಿ

ಲಕ್ಷ್ಮೇಶ್ವರದ ಅವ್ವನೊಬ್ಬಳು ಸೊಸೆಗೆ ಉಣ್ಣೆಯ ಶಾಲು ಕೊಂಡಿದ್ದಳು. ಅರ್ಜಿಗೆ ಮೊಹರಿನ ಸಿಕ್ಕಾ ಹೊಡೆಯುವ ಮೊದಲು ಕಸ್ಟಮ್ಸ್ ಅಧಿಕಾರಿ ಸಾಮಾನು ನೋಡಬೇಕು, ಅದು ಅಲ್ಲಿಯ ಕಾಯಿದೆ. ಶಾಲು ಅವನ ಕೈಗೆ ಹೋದರೆ ತಿರುಗಿ ಬರುವುದಿಲ್ಲವೆಂದು ಅವ್ವನಿಗೆ ಖಾತ್ರಿ. ಚೀಲದ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಳು. “ನೋಡಾಕ ಕಣ್ಣ ಸಾಕಲ್ಲ, ಕೈ ಯಾಕ ಬೇಕ?” ಎಂದು ನನ್ನನ್ನು ಕೇಳಿದಳು. ವಿಮಾನದ ಹೊತ್ತಾಗುತ್ತಿತ್ತು. ಬೇಡಿಕೊಂಡು ಚೀಲ ಬಿಚ್ಚಿಸಿದೆ.

ಶಾಲಿನ ಮೇಲೆಯೇ ಪ್ರವಾಸದಲ್ಲಿ ಉಳಿದ ಸಜ್ಜಿಯ ಖಡಕ್ ರೊಟ್ಟಿ ಇದ್ದವು. ಈಗ ಸಂಶಯಪಡುವ ಸರದಿ ಅಧಿಕಾರಿಯದು. ಒಂದನ್ನು ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ಬಡಿದ. ಟಕ್ ಎಂದಿತು. ಯಾವುದರಿಂದ ಮಾಡಿದ್ದು, ಇದನ್ನು ಕೊಂಡ ಪಾವತಿ ಚೀಟಿ ಎಲ್ಲಿ ಎಂದು ಕೇಳಿದ. ತಿನ್ನುವುದು ಎಂದೆ. ನಂಬಲಿಲ್ಲ.

ಅವ್ವ ಒಂದು ತುಣುಕು ಮುರಿದು ತಾನು ತಿಂದು ತೋರಿಸಿದಳು. ಇನ್ನೊಂದಕ್ಕೆ ಅದೇ ಚೀಲದ ಶೇಂಗಾ ಚಟ್ನಿ ಹಚ್ಚಿ ಅವನ ಮುಂದೆ ಹಿಡಿದಳು. ಅವನು ಆಚೀಚೆ ನೋಡಿ ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ. ಆಮೇಲೆ ಶಾಲು ಬಿಡಿಸಿ ನೋಡಿ, ಮಡಚಿಟ್ಟು, ಸಿಕ್ಕಾ ಹೊಡೆದ.

ಮುಂದಿನ ಕಿಟಕಿಯಲ್ಲಿ ರೊಕ್ಕ ಕೈಗೆ ಬಂತು. ನೋಡವ್ವಾ, ಎಲ್ಲ ಕಾಯಿದೆ ಪ್ರಕಾರ ಕೊಟ್ಟರು, ನೀನೇ ಸುಮ್ಮನೆ ಸಂಶಯಪಟ್ಟೆ ಎಂದೆ. ಅವ್ವ ರೊಕ್ಕವನ್ನು ಸೆರಗಿಗೆ ಗಂಟು ಹಾಕುತ್ತ, ನನಗೇ ತಿಳಿವಳಿಕೆ ಹೇಳಿದಳು: “ನೀ ಇನ್ನೂ ಸಣ್ಣಾಂವ ಅದಿ ತಮ್ಮಾ. ಯಾವ ದೇಶಕ್ಕ ಹೋದ್ರೂ, ಇವರು ತಿನ್ನಲಾರದೆ ಸಿಕ್ಕಾ ಹೊಡ್ಯಂಗಿಲ್ಲ.”