ಒಮ್ಮೊಮ್ಮೆ ತೆರೆಯುವ ಅಂಗಡಿ

ನಾನು ಹುಟ್ಟಾ ಅಂಜುಬುರುಕ. ಹಾವು, ಇಂಜೆಕ್ಷನ್, ಮಾವನವರ ಮೌನ, ಇವಕ್ಕೆಲ್ಲ ಹೆದರುತ್ತೇನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಇವೆಲ್ಲಕ್ಕಿಂತ ಹೆಚ್ಚು ಕೈಕಾಲು ನಡುಗಿಸುವ ಶಬ್ದ ‘ಒಮ್ಮೊಮ್ಮೆ’. ಪೂರ್ತಿ ಕೆಟ್ಟ ಯಂತ್ರದ ಹೆದರಿಕೆ ನನಗಿಲ್ಲ. ಅದು ಪಾಪ, ಕೆಟ್ಟು ಕೂತಿರುತ್ತದೆ. ಒಮ್ಮೊಮ್ಮೆ ಮಾತ್ರ ಕೆಡುವ ಯಂತ್ರವಾದರೋ ನಾನು ನೋಡುವಾಗ ಸಂಭಾವಿತನಂತೆ ದುಡಿದು, ಬೆನ್ನು ತಿರುಗಿಸಿದ ಕೂಡಲೇ ತನ್ನ ಬುದ್ಧಿ ತೋರಿಸುತ್ತದೆ.

ಬೆಟಗೇರಿಯ ನೇಕಾರರ ಸಂಘವೊಂದು ಇಂಟರ್‌ನೆಟ್ಟಿನಲ್ಲಿ ಸೀರೆ ಮಾರುತ್ತದೆ. ಆ ಅಂಗಡಿಯನ್ನು ಗದಗಿನ ಮನೆಯಲ್ಲೇ ಕೂತು ನೋಡಿಕೊಳ್ಳುವವನು ನಾನು. ಕೆಲಸ ಕೊಡಿಸಿದವರು ಮಾವನವರು. ಅವರೂ ಅಲ್ಲಿಯ ನೇಕಾರರೇ. “ನಮ್ಮ ಅಳಿಯಾ ಮಾಡ್ತಾನ, ಅದಕ್ಕ ನಾ ಜವಾಬ್ದಾರಿ” ಎಂದು ಎಲ್ಲರೆದುರು ಎದೆ ತಟ್ಟಿದ್ದರು. ಪಂಚಮಿ ಹಬ್ಬದ ಮಾರಾಟ ಶುರುವಾದ ದಿನವೇ ಅಂಗಡಿ ಒಮ್ಮೆ ತೆರೆದು ಒಮ್ಮೆ ತೆರೆಯದಂತಾಯಿತು. ಸಂಜೆ ಸಂಘದ ಸಭೆ. ಅಲ್ಲಿ ಮಾವನವರೇ ಅದನ್ನು ಮೊಬೈಲಿನಲ್ಲಿ ತೆರೆದು ತೋರಿಸಬೇಕು. ತೆರೆಯದಿದ್ದರೆ ಅಂಗಡಿಗೂ ಬೀಗ, ನನ್ನ ಕೆಲಸಕ್ಕೂ ಬೀಗ, ಆಮೇಲೆ ಜೀವನಪೂರ್ತಿ ಮಾವನವರ ಮೌನ.

ಲಕ್ಷ್ಮೇಶ್ವರದ ಅಕ್ಕನಿಗೆ ಫೋನ್ ಮಾಡಿದೆ. “ಬರೇ ಬಿಳೇದು ಕಾಣತೈತಿ ನೋಡಪಾ” ಎಂದಳು. ಮುಂಡರಗಿಯ ನಾದಿನಿ, “ಚಲೋ ತೆರೀತಲ್ರಿ, ಹಸರ ಸೀರಿ ಭಾಳ ಛಂದ ಐತಿ” ಎಂದಳು. ಮತ್ತೆ ಕೇಳಿದರೆ ಅಕ್ಕನಿಗೆ ತೆರೆದಿತ್ತು, ನಾದಿನಿಗೆ ಮುಚ್ಚಿತ್ತು.

ಹೊರಗಿನಿಂದ ಒಂದೇ ಅಂಗಡಿಯಂತೆ ಕಂಡರೂ ಒಳಗೆ ತದ್ರೂಪಿ ಅಂಗಡಿಗಳು ಹಲವು ಓಡುತ್ತಿರುತ್ತವೆ; ಅವನ್ನು ಕಂಟೇನರ್ ಎನ್ನುತ್ತೇವೆ. ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ತಂತ್ರಾಂಶ ನಿಂತು, ಮದುವೆ ಊಟದ ಬಾಗಿಲಲ್ಲಿರುವ ಹಿರಿಯನಂತೆ “ನೀವು ಆ ಸಾಲಿಗೆ ಹೋಗ್ರಿ, ನೀವು ಈ ಸಾಲಿಗೆ ಬರ್ರಿ” ಎಂದು ಗಿರಾಕಿಗಳನ್ನು ಹಂಚುತ್ತದೆ. ಯಾವುದೋ ಒಂದು ಸಾಲಿನಲ್ಲಿ ಬಡಿಸುವವರೇ ಇಲ್ಲವೆಂದು ನನಗೆ ಹೊಳೆದಿತ್ತು. ಆದರೆ ಯಾವ ಸಾಲು? ಪರದೆಯ ಮೇಲೆ ಎಲ್ಲ ಕಂಟೇನರುಗಳೂ ಸರಿಯಿದ್ದೇವೆಂದು ಹಸಿರಾಗಿ ನಗುತ್ತಿದ್ದವು. ಆ ನಗೆ ನೋಡಿ ನನಗೆ ಇನ್ನಷ್ಟು ಭಯವಾಯಿತು.

ಅಷ್ಟರಲ್ಲಿ ಮಾವನವರ ಫೋನ್. “ಏನಪಾ, ಆರಾಮ ಅದಿಯೇನು?”

“ಆರಾಮ ಅದೀನ್ರಿ” ಎಂದೆ, ಬೆವರು ಒರೆಸಿಕೊಳ್ಳುತ್ತ.

ನಮ್ಮ ಕಡೆ ಈ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಮುಳಗುಂದದ ನನ್ನ ಸೋದರಮಾವ ಕಾಲು ಮುರಿದು, ಪ್ಲಾಸ್ಟರ್ ಹಾಕಿದ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದಾಗಲೂ, ಬಂದವರಿಗೆಲ್ಲ “ಆರಾಮ ಅದೀನಿ, ನೀವು?” ಎನ್ನುತ್ತಿದ್ದ. ಫೋನ್ ಇಟ್ಟವನು ನಾನೇ ಬರೆದ ಪ್ರೋಗ್ರಾಮನ್ನು ತೆರೆದು ನೋಡಿದೆ. ಬ್ಯಾಲೆನ್ಸರ್ ಆಗಾಗ ಪ್ರತಿ ಕಂಟೇನರಿನ ಆರೋಗ್ಯ ವಿಚಾರಿಸುತ್ತದೆ. ಅದಕ್ಕೆ ಉತ್ತರ ಬರೆದಿಟ್ಟವನು ಗದಗ ಸೀಮೆಯ ನಾನು! ಏನೇ ಆಗಿರಲಿ, ‘ಆರಾಮ’ ಎಂದುಬಿಡುವಂತೆ ಬರೆದಿದ್ದೆ. ಬೇರೆ ಊರಿನವರಾದರೆ ಎಲ್ಲಿ ನೋಯುತ್ತದೆಂದು ಹೇಳುವಂತೆ ಬರೆಯುತ್ತಿದ್ದರೇನೋ.

ಬ್ಯಾಲೆನ್ಸರ್ ಕೇಳುವ ಪ್ರಶ್ನೆಯನ್ನೇ ಬದಲಿಸಿದೆ. ಯೋಗಕ್ಷೇಮ ಬೇಡ, ಸೀರೆಗಳ ಚಿತ್ರ, ಬೆಲೆಯೆಲ್ಲ ಇರುವ ದಾಸ್ತಾನಿನಿಂದ ಒಂದು ಚಿತ್ರ ತಂದು ತೋರಿಸು ಎಂದೆ. ಒಂದು ಕಂಟೇನರ್ ಕೂಡಲೇ ಕೆಂಪಾಯಿತು. ದಾಸ್ತಾನಿಗೂ ಅದಕ್ಕೂ ಸಂಪರ್ಕವೇ ಕಡಿದುಹೋಗಿತ್ತು; ಆದರೂ ಇಡೀ ದಿನ ಆರಾಮವೆನ್ನುತ್ತ ಬಂದವರನ್ನು ಬರಿಗೈಯಲ್ಲಿ ಕಳಿಸಿತ್ತು. ಬ್ಯಾಲೆನ್ಸರ್ ಆ ಸಾಲಿಗೆ ಜನರನ್ನು ಕಳಿಸುವುದು ನಿಲ್ಲಿಸಿತು. ಈ ಕಥೆಯನ್ನೆಲ್ಲ ಹೆಂಡತಿಗೆ ಹೇಳಿ, ಮಾವನವರ ಫೋನಿಗೆ ಕಾಯುತ್ತ ಕೂತೆ.

ಸಂಜೆ ಫೋನ್ ಬಂತು. “ತೆರೀತಪಾ. ಮಂದಿ ತಮ್ಮ ತಮ್ಮ ಫೋನ್‌ನಾಗೂ ನೋಡಿದ್ರು. ಅಂಗಡಿ ನಡೀಲಿ ಅಂದ್ರು. ಈಗ ನಿನ್ನ ನೋಡಬೇಕಂತ ಎಲ್ಲಾರೂ ಕುಂತಾರ, ಬಂದು ನಾಕ ಮಾತ ಹೇಳು. ಆರಾಮ ಅದಿ ಹೌದಿಲ್ಲೋ?”

ಸಭೆಯಲ್ಲಿ ಎದ್ದು ಮಾತಾಡುವುದೆಂದರೆ ನನಗೆ ಹಾವು, ಇಂಜೆಕ್ಷನ್ ಎರಡೂ ಒಟ್ಟಿಗೆ ಬಂದಂತೆ. “ಆರಾಮ ಅದೀನ್ರಿ” ಎಂದೆ.

ಹೆಂಡತಿ ನನ್ನ ಯೋಗಕ್ಷೇಮ ಕೇಳಲಿಲ್ಲ. ತುಂಬಿದ ಚಹಾದ ಕಪ್ಪು ಮುಂದೆ ಹಿಡಿದು, “ಇದನ್ನ ಚೆಲ್ಲದಂಗ ಹಿಡೀರಿ, ನೋಡೂಣು” ಎಂದಳು. ಅರ್ಧ ಚಹಾ ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿತು, ಅರ್ಧ ಲುಂಗಿಗೆ. ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ಅಪ್ಪಾ, ಇವತ್ತ ಇವರ ಸಾಲಿಗೆ ಯಾರನ್ನೂ ಕಳಸಬ್ಯಾಡ” ಎಂದಳು. ಲುಂಗಿಯ ಮೇಲಿನ ಚಹಾ ಚುರುಚುರು ಸುಡುತ್ತಿತ್ತು. ಆದರೂ ಮಾವನವರು ಇನ್ನೊಮ್ಮೆ ಕೇಳಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ.