ಹಕ್ಕಿಗಳ ಮನೆಯಲ್ಲಿ ನಾವು

ಹಳೇಬೀಡಿನಿಂದ ಬಸ್ತಿಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮನೆ ಇರುವುದು ನನ್ನ ಹೆಸರಿನಲ್ಲಿ, ನಡೆಯುವುದು ಹಕ್ಕಿಗಳ ಮಾತು. ಊರಿಗೆ ಬಂದವರು ದೇವಸ್ಥಾನದ ಗೋಡೆಯ ಕಲ್ಲಿನ ಹಂಸ ನೋಡಿಕೊಂಡು ಹೋಗುತ್ತಾರೆ. ನಮಗೆ ಜೀವಂತ ಹಕ್ಕಿಗಳೇ ದಿನಕ್ಕೊಂದು ಪೇಚು ತಂದಿಡುತ್ತವೆ. ಪುಣ್ಯ ಮಾಡಿದ್ದೆವು ಅಂತಲೇ ನಾನು ಅಂದುಕೊಳ್ಳುತ್ತೇನೆ.

ತೋರಣ

ಯುಗಾದಿಗೆ ಕಟ್ಟಿದ ಮಾವಿನ ತೋರಣ ಒಣಗಿ ತರಗಾಗಿತ್ತು. ಇವತ್ತು ತೆಗೆಯೋಣ, ನಾಳೆ ತೆಗೆಯೋಣ ಅನ್ನುವಷ್ಟರಲ್ಲಿ ಸೂರಕ್ಕಿಯೊಂದು ಅದಕ್ಕೆ ಗೂಡು ನೇತುಹಾಕಿ ಮೊಟ್ಟೆಯನ್ನೂ ಇಟ್ಟುಬಿಟ್ಟಿತು. ಅಲ್ಲಿಗೆ ಮುಂಬಾಗಿಲು ಬಂದ್. ನೆಂಟರಿಷ್ಟರೆಲ್ಲ ಬಟ್ಟೆ ಒಗೆಯುವ ಕಲ್ಲು ದಾಟಿ ಹಿತ್ತಿಲಿಂದಲೇ ಒಳಗೆ ಬರಬೇಕಾಯಿತು. ಎದುರುಮನೆಯ ತೆಂಗಿನಕಾಯಿ ವ್ಯಾಪಾರಿ ನೋಡುವಷ್ಟು ದಿನ ನೋಡಿ ಕೊನೆಗೆ ಕೇಳಿಯೇಬಿಟ್ಟರು: "ಏನ್ ಮೇಷ್ಟ್ರೇ, ಊರಿಗೆಲ್ಲ ಆಷಾಢ ಬಂತು. ನಿಮ್ಮನೇಲಿ ಇನ್ನೂ ಯುಗಾದಿ ಮುಗಿದಿಲ್ವಾ?"

ಸಂಡಿಗೆ

ಹೆಂಡತಿ ಮಹಡಿಯ ಮೇಲೆ ಸಂಡಿಗೆ ಒಣಹಾಕಿ, ನನ್ನ ಕೈಗೊಂದು ಕೋಲು ಕೊಟ್ಟು, ಕಾವಲಿಗೆ ಕೂರಿಸಿ ಕೆಳಗೆ ಹೋದಳು. ಆಗಲೇ ಪಕ್ಕದ ತೋಟಕ್ಕೆ ಹೊನ್ನಕ್ಕಿ ಬರಬೇಕೆ! ಕೋಲು ಬಿಟ್ಟು ದುರ್ಬೀನು ಹಿಡಿದವನು ಮೈಮರೆತೆ. ಅವಳು ವಾಪಸು ಬಂದಾಗ ನನ್ನ ಬೆನ್ನ ಹಿಂದೆ ಮೈನಾಗಳ ಪಂಕ್ತಿಭೋಜನ ಮುಗಿಯುತ್ತ ಬಂದಿತ್ತು.

"ನೋಡೇ ಅಲ್ಲಿ, ಹೊನ್ನಕ್ಕಿ!" ಅಂದೆ.

"ಅದನ್ನೂ ಕರೀರಿ. ಇನ್ನೂ ನಾಲ್ಕು ಉಳಿದಿವೆ" ಅಂದಳು.

ತಿಥಿ

ಅಪ್ಪ ಈ ಊರಲ್ಲಿ ಕರೆಂಟಿನ ಲೈನ್‌ಮನ್ ಆಗಿದ್ದವರು. ಅವರ ಮೊದಲ ವರ್ಷದ ತಿಥಿ. ಪಿಂಡದ ಎಲೆ ಕಾಂಪೌಂಡ್ ಗೋಡೆಯ ಮೇಲಿತ್ತು. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಅಮ್ಮ ಬೆಳಗಿನಿಂದ ತೊಟ್ಟು ನೀರೂ ಕುಡಿದಿರಲಿಲ್ಲ.

ಕಾಗೆಯೇನೋ ಬಂತು. ಆದರೆ ಬೇವಿನ ಮರದಲ್ಲಿ ಕಾಜಾಣದ ಗೂಡಿತ್ತು. ಕಾಗೆ ಎಲೆಯ ಹತ್ತಿರ ಇಳಿಯುವುದೇ ತಡ, ಕಾಜಾಣ ಎರಗಿ ತಲೆಗೆ ಕುಕ್ಕಿ ಓಡಿಸಿತು. ಮತ್ತೆ ಬಂತು, ಮತ್ತೆ ಕುಕ್ಕಿತು.

"ಅವರಿಗೇನೋ ಆಸೆ ಉಳಿದಿದೆ. ನಡೆಸಿಕೊಡ್ತೀವಿ ಅಂತ ಕೇಳ್ಕೊಳ್ಳಿ" ಅಂದರು ಪುರೋಹಿತರು.

"ಅಪ್ಪಾ, ಅಮ್ಮನ್ನ ಕಾಶಿಗೆ ಕರ್ಕೊಂಡು ಹೋಗ್ತೀನಿ" ಅಂತ ನಾನು ಕೈಮುಗಿದೆ. "ಅಣ್ಣನ ಜೊತೆ ಇನ್ಮೇಲೆ ಜಗಳ ಆಡಲ್ಲಪ್ಪಾ" ಅಂದಳು ತಂಗಿ. ಕಾಗೆ ಬಂತು, ಕಾಜಾಣವೂ ಬಂತು.

ಅಮ್ಮನ ಕಣ್ಣು ತುಂಬಿತು. ಯಜಮಾನರು ಹಸಿದುಕೊಂಡೇ ಹೋಗುತ್ತಾರಲ್ಲ ಅನ್ನುವ ಸಂಕಟ ಅವಳಿಗೆ. ಕೊನೆಗೆ ತಡೆಯಲಾರದೆ ಬೇವಿನ ಮರದ ಕೆಳಗೇ ಹೋಗಿ ನಿಂತು ಕಾಜಾಣಕ್ಕೆ ಕೂಗಿದಳು: "ಬಿಡೋ ಮಾರಾಯ! ಈ ಮನೆ ಯಜಮಾನ್ರು ಕಣೋ ಅವರು! ಒಂದು ತುತ್ತು ತಿಂದು ಹೋಗ್ತಾರೆ!"

ಅಷ್ಟರಲ್ಲಿ ಇನ್ನೊಂದು ಕಾಗೆ ಬಂತು. ಕಾಜಾಣ ಅದನ್ನು ಅಟ್ಟಿಕೊಂಡು ಹೋದಾಗ ಮೊದಲನೆಯದು ಗಬಕ್ಕನೆ ಒಂದು ತುತ್ತು ಕಚ್ಚಿಕೊಂಡು ಹಾರಿತು. ಅಮ್ಮ ನಕ್ಕುಬಿಟ್ಟಳು. ಅಪ್ಪ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆ ಹಕ್ಕಿಗಳ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ!

"ನಿಮ್ಮಪ್ಪನೇ ಕಣೋ, ಅನುಮಾನವೇ ಬೇಡ" ಅಂದಳು ಕಣ್ಣೊರೆಸಿಕೊಳ್ಳುತ್ತ. "ಬದುಕಿದ್ದಾಗ್ಲೂ ಇದೇ ಕಥೆ. ಎಲೆ ಮುಂದೆ ಕೂತ್ರೆ ಸಾಕು, 'ಸ್ವಾಮೇರೇ, ಕರೆಂಟ್ ಹೋಗೈತೆ' ಅಂತ ಯಾರಾದ್ರೂ ಬಂದು ಎಬ್ಬಿಸ್ಕೊಂಡು ಹೋಗೋರು!"