ಡಿಗ್ರಿಗೆ ಮುಂಚೆ ಬರಬೇಕಾದದ್ದು

ಸೀಮೆಎಣ್ಣೆ ಸ್ಟೌವಿಗೆ ಪಿನ್ ಹಾಕಲು ಬಾರದವನಿಗೆ ಬಿ.ಎಸ್ಸಿ. ಡಿಗ್ರಿ ಕೊಡಕೂಡದು ಎಂದು ನಂಬಿದ್ದ ವಿದ್ಯಾರ್ಥಿ ಆಗಿನ ಇಡೀ ಬೆಂಗಳೂರಿನಲ್ಲಿ ಒಬ್ಬನೇ ಇದ್ದ. ನನ್ನ ದುರದೃಷ್ಟಕ್ಕೆ ಅವನು ನನ್ನ ದೊಡ್ಡಮ್ಮನ ಮಗ. ಇನ್ನೂ ದೊಡ್ಡ ದುರದೃಷ್ಟವೆಂದರೆ, ಎಪ್ಪತ್ತರ ದಶಕದ ನಡುವೆ ಅವನು ನನ್ನ ಜೊತೆಯಲ್ಲೇ ಕಾಲೇಜು ಓದಲು ದಾವಣಗೆರೆಯಿಂದ ಬಂದು, ರಾಜಾಜಿನಗರದ ನಮ್ಮ ಮನೆಯ ನನ್ನ ಕೋಣೆಯಲ್ಲಿ ಬಿಡಾರ ಹೂಡಿದ್ದು.

ಬಂದ ವಾರವೇ ಒಂದು ಮಧ್ಯಾಹ್ನ ಫ್ಯೂಸ್ ಹೋಗಿ ಫ್ಯಾನ್ ನಿಂತಿತು. ನಾನು ಓಮ್‌ನ ನಿಯಮ ಉರು ಹೊಡೆಯುತ್ತ ಬೆವರುತ್ತಿದ್ದೆ. ಅವನು ಸ್ಟೂಲು ಹತ್ತಿ, ತಂತಿ ಸುತ್ತಿ, ಇಳಿದ. ಅಮ್ಮ ನನ್ನ ಪುಸ್ತಕದೊಳಗೆ ಇಣುಕಿದರು.

"ನೀನು ಓದ್ತಿರೋದೂ ಕರೆಂಟ್ ವಿಷಯಾನೇ ಅಲ್ವೇನೋ?"

ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರವಿದೆ, ಹೇಳಿ?

"ಗುಂಡಿ ಹೊಲಿಯೋದು, ಪಂಕ್ಚರ್ ಹಾಕೋದು, ಸಾರು ಮಾಡೋದು, ಗುರುತಿಲ್ಲದವರ ಹತ್ರ ಮಾತಾಡೋದು, ಡಿಗ್ರಿಗೆ ಮುಂಚೆ ಇಷ್ಟಾದ್ರೂ ಬರಬೇಕಲೇ" ಎನ್ನುತ್ತಿದ್ದ ಅವನು. ಪಂಕ್ಚರ್ ಕಲಿಯಲು ಭಾನುವಾರವೆಲ್ಲ ಕುರುಬರಹಳ್ಳಿಯ ಸೈಕಲ್ ಶಾಪಿನಲ್ಲಿ ಕೂತಿರುತ್ತಿದ್ದ. ಸಾರನ್ನು ನಮ್ಮ ಅಡುಗೆಮನೆಯಲ್ಲೇ ಕಲಿತ. ಅಮ್ಮನ ಅಡುಗೆಯನ್ನು ಜನ್ಮದಲ್ಲಿ ಹೊಗಳದ ನಮ್ಮಪ್ಪ ಅವನ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಆ ದಿನ ನನ್ನ ಜೊತೆ ಅಮ್ಮನಿಗೂ ಹೊಟ್ಟೆ ಉರಿಯಿತು.

ಇಷ್ಟನ್ನೂ ಸಹಿಸಿಕೊಂಡೆ. ಆದರೆ ದಿನಕ್ಕೊಬ್ಬರಂತೆ ಹೊಸಬರನ್ನು ಮಾತಾಡಿಸುವ ವ್ರತ ಹಿಡಿದನಲ್ಲ, ಅದನ್ನು ಹೇಗೆ ಸಹಿಸಲಿ? ಹಿಂದಿನ ಪೋರ್ಷನ್ನಿನ ಬಾಡಿಗೆಯವರ ಮಗಳನ್ನು ನಾನು ಎರಡು ವರ್ಷದಿಂದ ಕಿಟಕಿಯಲ್ಲಿ ನೋಡುತ್ತಲೇ ಇದ್ದೆ. ಅವನು ನಲ್ಲಿಯ ಹತ್ತಿರ ಎರಡು ನಿಮಿಷ ನಿಂತು ಮಾತಾಡಿ ಬಂದ.

"ನೀನು ಮೂಗನಾ ಅಂತ ಕೇಳಿದ್ಲು ಕಣಲೇ."

"ನೀನೇನಂದೆ?"

"ಇಲ್ಲ, ಓದ್ತಾನೆ ಅಂದೆ."

ಹೊಟ್ಟೆಕಿಚ್ಚು ಎಲ್ಲರಿಗೂ ಗೊತ್ತು. ಒಂದೇ ಕೋಣೆಯಲ್ಲಿ, ಪಕ್ಕದ ಚಾಪೆಯಲ್ಲಿ ಗೊರಕೆ ಹೊಡೆಯುವ ಹೊಟ್ಟೆಕಿಚ್ಚು ನಿಮಗೆ ಗೊತ್ತೆ?

ಕೊನೆಗೆ ಫೈನಲ್ ಇಯರ್ ರಿಸಲ್ಟ್ ಬಂತು. ನಾನು ಫಸ್ಟ್ ಕ್ಲಾಸ್. ಅವನು ಗಣಿತದಲ್ಲಿ ಫೇಲು. ಸುಳ್ಳೇಕೆ ಹೇಳಲಿ, ನನ್ನ ಪಾಸಿಗಿಂತ ಅವನ ಫೇಲು ಹೆಚ್ಚು ರುಚಿಯಾಗಿತ್ತು. ಅಮ್ಮ ಮಾಡಿದ ಸಜ್ಜಿಗೆಯನ್ನು ನಾನೂ ಎರಡು ಸಲ ಹಾಕಿಸಿಕೊಂಡೆ. ಆಮೇಲೆ, ಸಮಾಧಾನ ಹೇಳುವ ನೆಪದಲ್ಲಿ ಅವನ ಮುಖ ನೋಡಲು ಕೋಣೆಗೆ ಹೋದೆ.

ಅವನ ಮುಂದೆ ಒಂದು ಇನ್‌ಲ್ಯಾಂಡ್ ಲೆಟರ್ ಇತ್ತು. 'ತೀರ್ಥರೂಪು ತಂದೆಯವರಿಗೆ' ಎಂಬುದರ ಕೆಳಗೆ ಏನೂ ಇರಲಿಲ್ಲ.

"ಬೆಳಿಗ್ಗೆಯಿಂದ ಕೂತಿದೀನಿ. ಹೆಂಗೆ ಬರೀಬೇಕೋ ಗೊತ್ತಾಗ್ತಿಲ್ಲ. ನೀನು ಬರ್ಕೊಡ್ತೀಯಾ?" ಎಂದ.

ಮೂರು ವರ್ಷದಲ್ಲಿ ಅವನು ನನ್ನಿಂದ ಕೇಳಿದ ಮೊದಲ ಸಹಾಯ ಅದು. ಪೆನ್ನು ತೆಗೆದುಕೊಂಡೆ. ಬೆಳಗಿನಿಂದ ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡು ಖುಷಿಪಟ್ಟಿದ್ದ ಆ ಒಂದು ಪದವನ್ನು ಕಾಗದದ ಮೇಲೆ ಬರೆಯಲು ನನ್ನ ಕೈ ಏಳಲಿಲ್ಲ.

ಅವನೇ ದಾರಿ ತೋರಿಸಿದ.

"ಮೊದಲು ನೀನು ಫಸ್ಟ್ ಕ್ಲಾಸ್ ಬಂದಿದ್ದು ಬರಿ. ಅದನ್ನ ಓದಿ ಅಪ್ಪ ಸ್ವಲ್ಪ ಖುಷಿಯಾಗಿರ್ತಾರೆ. ಆಮೇಲೆ ನಂದು ಬರಿ."